ಹಳದಿ ಓಲೆಯ ನಾಲ್ಕು ಕುರಿ

ಕುರಿಯ ಸುದ್ದಿ ಬಂದ ಮಧ್ಯಾಹ್ನ ಪಾಲಮ್ಮ ಮುದ್ದೆಗೆ ಎಸರಿಟ್ಟಿದ್ದಳು. ಸೊಸೆ ಗಂಗಲಕ್ಷ್ಮಿ ದೇವಸಮುದ್ರದಿಂದ ಬಸ್ಸಿಳಿದು ಬಂದು, ಒಂಟಿ ಹೆಣ್ಣುಮಕ್ಕಳ ಸಂಘದವರು ತನ್ನ ಹೆಸರಿಗೆ ನಾಲ್ಕು ಹೆಣ್ಣು ಕುರಿ ಬರೆದಿದ್ದಾರೆ ಎಂದಾಗ ಅವಳು ತಿರುಗಿ ನೋಡಲಿಲ್ಲ. ಹಿಟ್ಟು ಸುರಿದಳು, ಕೋಲು ಹಾಕಿ ತಿರುವಿದಳು, ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಆಮೇಲೆ ಮಾತಾಡಿದಳು.

"ನಮ್ಮ ರೊಪ್ಪದಾಗೆ ಅರವತ್ತು ಕುರಿ ಅದಾವೆ. ಕುರಿ ಮನೆ ಸೊಸೆ ಕುರಿ ಬೇಡ್ಕಂಡು ಬಂದ್ಲು ಅಂತ ಹಟ್ಟಿ ಮಂದಿ ಆಡ್ಕಂತಾರೆ."

"ಆ ಅರವತ್ತರಾಗೆ ನನ್ನವು ಎಷ್ಟು ಅತ್ತೆ?"

ಪಾಲಮ್ಮ ಸಾರಿನ ಪಾತ್ರೆ ಮುಂದೆ ತಳ್ಳಿದಳು.

ಗಂಗಲಕ್ಷ್ಮಿಯ ಗಂಡ ಲೋಹಿತ ನಾಲ್ಕು ವರ್ಷದ ಹಿಂದೆ ಮಂದೆಯನ್ನು ರಸ್ತೆ ದಾಟಿಸುವಾಗ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಆ ಮನೆಯಲ್ಲಿ ಮಗನಿಗೆ ಮದುವೆಯಾದರೆ ಅವನ ಪಾಲಿಗೆಂದು ಇಷ್ಟು ಕುರಿ ಎಣಿಸಿ ಬಿಡುವ ರೂಢಿ. ಲೋಹಿತನಿಗೂ ಬಿಟ್ಟಿದ್ದರು. ಅವನು ಹೋದ ಮೇಲೆ ಅವನ ಕುರಿಗಳು ತಮ್ಮ ಶಿವರಾಮನ ಕುರಿಗಳೊಳಗೆ ಸೇರಿಹೋದವು. ಯಾರೂ ಕಿತ್ತುಕೊಳ್ಳಲಿಲ್ಲ, ಯಾರೂ ಕೇಳಲೂ ಇಲ್ಲ. ಗಂಗಲಕ್ಷ್ಮಿಗೆ ಇದ್ದವಳು ಮಗಳೊಬ್ಬಳೇ, ಏಳನೇ ತರಗತಿಯ ವೀಣಾ. ಮಂದೆಯ ಹಿಂದೆ ಕೋಲು ಹಿಡಿದು ಹೋಗುವ ಗಂಡುಮಗ ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.

ಕೂಲಿ ಇದ್ದ ದಿನ ಅವಳ ಕೈಯಲ್ಲಿ ಕಾಸು ಇರುತ್ತಿತ್ತು. ಇಲ್ಲದ ದಿನ ಸೋಪಿಗೆ, ವೀಣಾಳ ನೋಟ್‌ಬುಕ್ಕಿಗೆ, ಬಸ್ಸಿಗೆ ಶಿವರಾಮನ ಹೆಂಡತಿ ಪುಷ್ಪಾಳನ್ನು ಕೇಳಬೇಕು. ಪುಷ್ಪಾ ಇಲ್ಲವೆಂದವಳಲ್ಲ. ಕೊಡುವ ಮೊದಲು ಒಂದು ಸಲ ಗಂಡನ ಮುಖ ನೋಡುತ್ತಿದ್ದಳು, ಅಷ್ಟೇ. ಆ ಒಂದು ನೋಟ ಮುಗಿಯುವವರೆಗೆ ಕೈ ಚಾಚಿ ನಿಲ್ಲುವುದು ಸಾಕಾಗಿ ಗಂಗಲಕ್ಷ್ಮಿ ಸಂಘಕ್ಕೆ ಹೋಗಿದ್ದಳು.

ಸಂಘದ ಕರಾರು ಸರಳವಾಗಿತ್ತು. ನಾಲ್ಕು ಕುರಿ ಸಾಕಬೇಕು. ಹುಟ್ಟುವ ಮರಿಗಳಲ್ಲಿ ಮೊದಲ ಎರಡು ಹೆಣ್ಣನ್ನು ಅದೇ ಹಟ್ಟಿಯ ಮುಂದಿನ ವಿಧವೆಗೆ ಕೊಡಬೇಕು. ಅಲ್ಲಿಂದಾಚೆಗೆ ನಾಲ್ಕೂ ಕುರಿ ಅವಳವೇ, ಯಾರೂ ಕೇಳುವಂತಿಲ್ಲ. ಮುಂದಿನವಳ ಹೆಸರೂ ಆಗಲೇ ಪುಸ್ತಕದಲ್ಲಿ ಬಿದ್ದಿತ್ತು: ಮುದ್ದಕ್ಕ. ಹಟ್ಟಿಯ ಆ ತುದಿಯ ಒಂದಂಕಣದ ಮನೆಯಲ್ಲಿ ಒಬ್ಬಳೇ ಇರುವ, ಐವತ್ತು ದಾಟಿದ ಹೆಂಗಸು.

ಗೌರಿ ಹಬ್ಬದ ಮರುವಾರ ಟೆಂಪೋದಲ್ಲಿ ಕುರಿಗಳು ಬಂದವು. ಸಂಘದ ಅನ್ನಪೂರ್ಣಮ್ಮ ತಾವೇ ಮುಂದೆ ಕೂತು ಬಂದಿದ್ದರು. ನಾಲ್ಕೂ ಗಬ್ಬದ ಕುರಿಗಳು. ಒಂದೊಂದರ ಕಿವಿಯಲ್ಲೂ ಹಳದಿ ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ನಂಬರು. ಅದಕ್ಕೆ ಓಲೆ ಎನ್ನುತ್ತಾರೆ, ಕುರಿಗೆ ವಿಮೆ ಇದೆ ಎಂಬುದಕ್ಕೆ ಅದೇ ಸಾಕ್ಷಿ ಎಂದು ಅನ್ನಪೂರ್ಣಮ್ಮ ತಿಳಿಸಿ ಹೇಳಿದರು. ಓಲೆ ಬಿದ್ದರೆ ಅವತ್ತೇ ಫೋನ್ ಮಾಡಬೇಕು ಎಂದು ಎರಡು ಸಲ ಹೇಳಿದರು.

ವೀಣಾ ನಂಬರುಗಳ ಕೊನೆಯ ಎರಡೆರಡು ಅಂಕೆ ಓದಿ, ಅವತ್ತೇ ಅವುಗಳಿಗೆ ಹೆಸರಿಟ್ಟಳು: ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿಮೂರಕ್ಕೆ ಮೂಗಿನ ಮೇಲೆ ಕಂದು ಮಚ್ಚೆ. ಅದು ಗಂಗಲಕ್ಷ್ಮಿಯ ಸೀರೆ ಸೆರಗನ್ನು ಅಗಿಯುತ್ತ ಅವಳ ಹಿಂದೆಯೇ ತಿರುಗುತ್ತಿತ್ತು.

"ಸೊಸೆ ಕಿವಿ ಬರಿದು, ಕುರಿ ಕಿವಿಗೆ ಓಲೆ," ಎಂದಳು ಪಾಲಮ್ಮ. ಮನೆಯ ರೊಪ್ಪದೊಳಗೆ, ಅಂದರೆ ಮುಳ್ಳುಬೇಲಿ ಸುತ್ತಿದ ಕುರಿಯಂಗಳದೊಳಗೆ, ಅವನ್ನು ಬಿಡಲು ಅವಳು ಒಪ್ಪಲಿಲ್ಲ. ಮಂದೆ ಊರಿಗೆ ಮರಳಿದಾಗ ಯಾರದೋ ಗುರುತಿನ ಕುರಿ ನಮ್ಮವುಗಳ ಜೊತೆ ನಿಲ್ಲಬಾರದು ಎಂದಳು. ಗಂಗಲಕ್ಷ್ಮಿ ಹಿತ್ತಲಲ್ಲಿ ನಾಲ್ಕು ಗೂಟ ನೆಟ್ಟು, ಜಾಲಿ ಮುಳ್ಳು ಎಳೆದು ತಂದು ತನ್ನದೊಂದು ಸಣ್ಣ ರೊಪ್ಪ ಮಾಡಿಕೊಂಡಳು. ಬೆಳಿಗ್ಗೆ ಹಿಕ್ಕೆ ಗುಡಿಸಿ, ರೊಟ್ಟಿ ತಟ್ಟಿ, ಕೂಲಿ ಇದ್ದರೆ ಕುರಿಗಳನ್ನೂ ಹೊಲದ ಬದುವಿಗೆ ಹೊಡೆದುಕೊಂಡು ಹೋಗುತ್ತಿದ್ದಳು.

ಮುದ್ದಕ್ಕ ದಿನಾ ಸಂಜೆ ಬರುತ್ತಿದ್ದಳು. ಬರಿಗೈಲಿ ಬಂದವಳಲ್ಲ. ಶೇಂಗಾ ಕೀಳುವ ಕಾಲ ಶುರುವಾದ ಮೇಲೆ ಕೂಲಿಗೆ ಹೋದ ಹೊಲದಿಂದ ಒಂದು ತೆಕ್ಕೆ ಬಳ್ಳಿ ಹೊತ್ತು ತಂದು ಕುರಿಗಳ ಮುಂದೆ ಹಾಕಿ, ಒಂದೊಂದರ ಹೊಟ್ಟೆ ಸವರಿ ನೋಡುತ್ತಿದ್ದಳು.

"ಏನು ಮುದ್ದಕ್ಕ, ದಿನಾ ಬತ್ತೀಯ," ಎಂದು ಪಾಲಮ್ಮ ಕೊಂಕು ತೆಗೆದರೆ, "ಬಸುರಿ ನೋಡಾಕೆ ಬರಿಗೈಲಿ ಬರಬಾರದಲ್ವಾ ಅಕ್ಕಾ. ನನ್ನ ಮೊಮ್ಮಕ್ಕಳು ಒಳಗದಾವೆ," ಎನ್ನುತ್ತಿದ್ದಳು. ಮೊದಲ ವಾರ ಪಾಲಮ್ಮನಿಗೆ ನಗು ಬರಲಿಲ್ಲ. ಎರಡನೇ ವಾರ ಬಂತು. ಮೂರನೇ ವಾರ ಮುದ್ದಕ್ಕನಿಗೂ ಒಂದು ಲೋಟ ಟೀ ಇಡತೊಡಗಿದಳು.

ಮಾವ ಕ್ಯಾತಪ್ಪ ಆ ದಿನಗಳಲ್ಲಿ ಹಟ್ಟಿಯಲ್ಲಿರಲಿಲ್ಲ. ಕೊಂಡ್ಲಹಳ್ಳಿ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು. ಮಂಡಿ ನೋವು ಬಂದ ಮೇಲೆ ಅವನು ಮಂದೆಯನ್ನು ಶಿವರಾಮನಿಗೆ ಒಪ್ಪಿಸಿದ್ದರೂ ಕಾವಲಿಗೆ ಜೊತೆಗಿರುತ್ತಿದ್ದ. ಮಹಾನವಮಿಗೆ ಎರಡು ದಿನ ಇರುವಾಗ ಮಂದೆಯೊಂದಿಗೆ ಅವನೂ ಮನೆಗೆ ಬಂದ. ಹಿತ್ತಲಿಗೆ ಹೋಗಿ ನಾಲ್ಕು ಕುರಿ ನೋಡಿದ. ಬೆನ್ನು ಒತ್ತಿ ನೋಡಿದ, ಹಲ್ಲು ಬಿಡಿಸಿ ನೋಡಿದ. ಓಲೆಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನಿಂತ. ಬಂದು ಉಂಡ. ಅವನು ಮೊದಲಿಂದಲೂ ಮಾತು ಕಡಿಮೆಯವನು, ಮಗ ಹೋದ ಮೇಲೆ ಅದೂ ಇರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಗಂಗಲಕ್ಷ್ಮಿ ಬಟ್ಟೆ ಗಂಟು ಹೊತ್ತು ಒಗೆಯಲು ಹೋಗಿ ಬರುವಷ್ಟರಲ್ಲಿ ಹಿತ್ತಲ ರೊಪ್ಪ ಖಾಲಿಯಾಗಿತ್ತು. ಅವಳು ಗಂಟು ಅಲ್ಲೇ ಕೆಡವಿ ಓಡಿದಳು. ನಾಲ್ಕೂ ಕುರಿ ಮನೆಯ ದೊಡ್ಡ ರೊಪ್ಪದಲ್ಲಿ, ಅರವತ್ತರ ನಡುವೆ ನಿಂತಿದ್ದವು. ಕಿವಿಗಳಿಗೆ ಅರಿಶಿನ ಮೆತ್ತಿತ್ತು. ಹಳದಿ ಓಲೆ ಇರಲಿಲ್ಲ. ಎಡಗಿವಿಯ ತುದಿಯಲ್ಲಿ ಎರಡು ಕಚ್ಚು, ಬಲಗಿವಿಯಲ್ಲಿ ಒಂದು ಸೀಳು. ಅದು ಕ್ಯಾತಪ್ಪನ ಮನೆಯ ಗುರುತು. ಅವನ ಅಪ್ಪನ ಕಾಲದಿಂದ ಆ ಮನೆಯ ಪ್ರತಿ ಕುರಿಯ ಕಿವಿಯಲ್ಲೂ ಇದ್ದದ್ದು.

ಕ್ಯಾತಪ್ಪ ರೊಪ್ಪದ ಬಾಗಿಲಲ್ಲಿ ಕೂತು ಸಣ್ಣ ಕುಡುಗೋಲು ಒರೆಸುತ್ತಿದ್ದ. ಕತ್ತರಿಸಿದ ಕಿವಿಯ ಚೂರುಗಳನ್ನು, ಅವುಗಳ ಜೊತೆ ಓಲೆಗಳನ್ನೂ, ಬಾಗಿಲ ಮಣ್ಣಲ್ಲಿ ಹೂತು ಮುಗಿಸಿದ್ದ. ಹಾಗೆ ಹೂತರೆ ಕುರಿ ಎಲ್ಲಿ ಹೋದರೂ ಆ ಬಾಗಿಲಿಗೇ ಬರುತ್ತದೆ ಎಂದು ಅವರ ನಂಬಿಕೆ.

"ಮಾವ, ಓಲೆ..." ಎಂದಳು ಗಂಗಲಕ್ಷ್ಮಿ.

"ಬ್ಯಾರೆಯವರ ಗುರುತು ಇಟ್ಕಂಡು ಹಿತ್ತಲಾಗೆ ಯಾಕೆ ನಿಲ್ಲಬೇಕು ತಾಯಿ," ಎಂದ ಕ್ಯಾತಪ್ಪ. "ಇವು ಲೋಹಿತನ ಪಾಲು ಅಂತ ತಿಳ್ಕಂಡೆ. ಅವನು ಹೋದಾಗಲೇ ನಾನು ಮಾಡಬೇಕಿತ್ತು. ಮಾಡಲಿಲ್ಲ."

ಅವಳು ಬೇಲಿ ಹಿಡಿದು ನಿಂತಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಅವನ ಹೆಸರು ಹೇಳಿ ಅವಳಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ಹದಿಮೂರು ಅವಳನ್ನು ಕಂಡು ಜನರ ನಡುವೆ ದಾರಿ ಮಾಡಿಕೊಳ್ಳುವಂತೆ ಉಳಿದ ಕುರಿಗಳನ್ನು ನೂಕಿ ಬಂತು. ಅವಳು ಅದರ ಕಿವಿ ಮುಟ್ಟಿ ನೋಡಿ ಅತ್ತಳು. ಅವತ್ತು ಅದು ಸಂತೋಷದ ಅಳು.

ಮಧ್ಯಾಹ್ನ ಹೋಳಿಗೆ ಬಡಿಸುವಾಗ ಪಾಲಮ್ಮ ಸೊಸೆಯ ತಟ್ಟೆಗೆ ತುಪ್ಪ ಒಂದು ಚಮಚ ಹೆಚ್ಚು ಹಾಕಿದಳು. ಶಿವರಾಮ ಮಾತ್ರ, ಅಪ್ಪ ಕೇಳದೆ ಮಾಡಿದ, ನಾಳೆ ಮೇವು ಯಾರದು ಎಂದು ಗೊಣಗಿದ. ಪುಷ್ಪಾ ತಲೆ ತಗ್ಗಿಸಿ ಉಂಡಳು.

ಸಂಜೆ ವೀಣಾ ಅವ್ವನ ಪಕ್ಕ ಕೂತು ಕೇಳಿದಳು.

"ಓಲೆ ಬಿದ್ರೆ ಅವತ್ತೇ ಫೋನ್ ಮಾಡಬೇಕು ಅಂದಿದ್ರಲ್ಲವ್ವ."

"ಮಾಡ್ತೀನಿ."

"ಯಾವಾಗ?"

"ಗಾಯ ಮಾಯಲಿ. ಹಸಿ ಕಿವೀಗೆ ಮತ್ತೆ ಚುಚ್ಚಿದ್ರೆ ನೋವಾಗಲ್ವಾ. ದೀಪಾವಳಿ ಕಳೀಲಿ."

ಕಿವಿಯ ಗಾಯ ಹತ್ತು ದಿನಕ್ಕೇ ಮಾಯಿತು. ಆದರೂ ಅವಳು ಫೋನ್ ಮಾಡಲಿಲ್ಲ. ಮಾಡಿದರೆ ಮತ್ತೆ ಟೆಂಪೋ ಬರುತ್ತದೆ, ಮಾವ ಇಟ್ಟ ಗುರುತಿನ ಮೇಲೆ ಹಳದಿ ಬಿಲ್ಲೆ ಚುಚ್ಚುತ್ತಾರೆ, ಕ್ಯಾತಪ್ಪ ಅದನ್ನು ನೋಡುತ್ತ ಬಾಗಿಲಲ್ಲಿ ಕೂತಿರುತ್ತಾನೆ. ಅದನ್ನು ನೆನೆದಾಗಲೆಲ್ಲ ಫೋನನ್ನು ಗೂಡಿನಲ್ಲಿಟ್ಟು ಪಾತ್ರೆ ತಿಕ್ಕಲು ಹೋಗುತ್ತಿದ್ದಳು.

ದೀಪಾವಳಿಗೆ ಮೊದಲು ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿಯಿತು. ಐದನೇ ದಿನ ರೊಪ್ಪದಲ್ಲಿ ಎರಡು ಕುರಿ ಕುಂಟಿದವು. ಮರುದಿನ ಏಳು. ತುಟಿ ಊದಿ, ಬಾಯಿಂದ ಜೊಲ್ಲು ಸುರಿದು, ನಾಲಿಗೆ ನೇರಳೆ ಹಣ್ಣು ತಿಂದಂತೆ ನೀಲಿಯಾಯಿತು. ಪಶುವೈದ್ಯರು ಬಂದು ನೀಲಿ ನಾಲಿಗೆ ರೋಗವೆಂದರು. ಇಂಜೆಕ್ಷನ್ ಕೊಟ್ಟರು. ಬಾಯಿ ತೊಳೆಯಿರಿ, ಗಂಜಿ ಕುಡಿಸಿ, ನೆರಳಲ್ಲಿ ಕಟ್ಟಿ ಎಂದು ಹೇಳಿ ಮುಂದಿನ ಹಟ್ಟಿಗೆ ಹೋದರು. ಅಲ್ಲೂ ಅದೇ ಆಗಿತ್ತು.

ಆ ಹದಿನೈದು ದಿನ ಮನೆಯಲ್ಲಿ ಸರಿಯಾಗಿ ಒಲೆ ಉರಿದದ್ದು ಕುರಿಗಳಿಗಾಗಿ. ಪಾಲಮ್ಮ ದೊಡ್ಡ ಪಾತ್ರೆಯಲ್ಲಿ ರಾಗಿ ಗಂಜಿ ಕಾಯಿಸಿ ಬೆಲ್ಲ ಹಾಕಿ ಇಳಿಸುತ್ತಿದ್ದಳು. ಗಂಗಲಕ್ಷ್ಮಿಯೂ ಪುಷ್ಪಾಳೂ ಒಂದೊಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಟದಿಂದ ಕುಡಿಸುತ್ತಿದ್ದರು. ಮನೆಯವರು ಉಳಿದ ಗಂಜಿಗೇ ಉಪ್ಪು ಹಾಕಿಕೊಂಡು ಕುಡಿದರು. ಮುದ್ದಕ್ಕ ಕೂಲಿ ಬಿಟ್ಟು ಬಂದು ಹನ್ನೊಂದರ ಪಕ್ಕ ಕೂತಳು. ಬೇರೆ ಕುರಿಗೆ ಅವಳು ಕೈ ಹಾಕಲಿಲ್ಲ. ಹನ್ನೊಂದರ ಹೊಟ್ಟೆಯಲ್ಲಿ ಎರಡು ಮರಿ ಇವೆ ಎಂದು ಅವಳ ಲೆಕ್ಕ.

ಹನ್ನೊಂದು ಶುಕ್ರವಾರ ಸತ್ತಿತು. ಹದಿನಾಲ್ಕು ಶನಿವಾರ. ಹನ್ನೆರಡು ಎದ್ದು ನಿಂತು, ಎರಡು ದಿನ ಮೇವು ಮೆದ್ದು, ಎಲ್ಲರಿಗೂ ಆಸೆ ಹುಟ್ಟಿಸಿ ಬುಧವಾರ ಸತ್ತಿತು. ಹದಿಮೂರು ಉಳಿಯಿತು, ಆದರೆ ದಿನ ತುಂಬುವ ಮೊದಲೇ ಕಂದು ಹಾಕಿತು. ಕೂದಲೂ ಪೂರ್ತಿ ಬಂದಿರದ ಸತ್ತ ಮರಿಯನ್ನು ಮುದ್ದಕ್ಕ ತನ್ನ ಹಳೆಯ ಕುಪ್ಪಸದಲ್ಲಿ ಸುತ್ತಿ ತೆಗೆದುಕೊಂಡು ಹೋದಳು. ಅದು ಹೆಣ್ಣೋ ಗಂಡೋ ಎಂದು ಯಾರೂ ಕೇಳಲಿಲ್ಲ. ಇವಲ್ಲದೆ ಮನೆಯ ಮಂದೆಯಲ್ಲಿ ಒಟ್ಟು ಹನ್ನೊಂದು ಕುರಿ ಸತ್ತಿದ್ದವು.

ಮೊದಲ ಕುರಿ ಸತ್ತ ದಿನವೇ ಗಂಗಲಕ್ಷ್ಮಿ ಅನ್ನಪೂರ್ಣಮ್ಮನಿಗೆ ಫೋನ್ ಮಾಡಿದ್ದಳು. ಅವರು ಬಂದಾಗ ಸತ್ತ ಕುರಿ ಅಂಗಳದಲ್ಲಿತ್ತು. ಕಿವಿ ಎತ್ತಿ ನೋಡಿ ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಓಲೆ ಎಲ್ಲಿ ಗಂಗಲಕ್ಷ್ಮಿ?"

"ಬೇಲಿಗೆ ಸಿಕ್ಕಂಡು ಕಿತ್ತು ಹೋದ್ವು ಮೇಡಂ."

"ನಾಲ್ಕೂನಾ?"

ಕ್ಯಾತಪ್ಪ ಗೋಡೆ ಹಿಡಿದು ಎದ್ದ. "ಸುಳ್ಳು ಹೇಳ್ತಾಳೆ. ಕತ್ತರಿಸಿದ್ದು ನಾನು." ಎಲ್ಲವನ್ನೂ ಅವನೇ ಹೇಳಿದ. ರೊಪ್ಪದ ಬಾಗಿಲ ಮಣ್ಣು ಅಗೆದು ನಾಲ್ಕೂ ಓಲೆ ತೆಗೆದು, ತನ್ನ ಪಂಚೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನೀಡಿದ. ನಂಬರು ಸರಿಯಾಗೇ ಐತಲ್ಲ ತಾಯಿ, ನೋಡಿ ಎಂದ.

ಅನ್ನಪೂರ್ಣಮ್ಮ ಓಲೆಗಳನ್ನು ತೆಗೆದುಕೊಳ್ಳಲಿಲ್ಲ. ವಿಮೆಯವರಿಗೆ ಸತ್ತ ಕುರಿಯ ಕಿವಿಯಲ್ಲೇ ಓಲೆ ಕಾಣುವಂತೆ ಫೋಟೊ ಬೇಕು, ಕೈಯಲ್ಲಿರುವ ಓಲೆಗೆ ಯಾರೂ ದುಡ್ಡು ಕೊಡುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಹೊರಡುವಾಗ ಗಂಗಲಕ್ಷ್ಮಿಯನ್ನು ಟೆಂಪೋ ಹತ್ತಿರಕ್ಕೆ ಕರೆದರು.

"ಅವರಿಗೆ ಗೊತ್ತಿರಲಿಲ್ಲ, ಸರಿ. ನಿನಗೆ ಗೊತ್ತಿತ್ತಲ್ಲಮ್ಮ. ಒಂದು ಫೋನ್ ಮಾಡಿದ್ದರೆ ಮರುದಿನವೇ ಹೊಸ ಓಲೆ ಹಾಕಿಸುತ್ತಿದ್ದೆ."

ಗಂಗಲಕ್ಷ್ಮಿ ತಲೆಯಾಡಿಸಿದಳು. ಯಾಕೆ ಮಾಡಲಿಲ್ಲ ಎಂದು ಹೇಳಿದ್ದರೂ ಅದನ್ನು ಯಾವ ಕಾಗದದಲ್ಲೂ ಬರೆಯಲು ಬರುವಂತಿರಲಿಲ್ಲ.

ಕಾರ್ತೀಕದ ಎರಡನೇ ವಾರ ಅನ್ನಪೂರ್ಣಮ್ಮ ಮತ್ತೆ ಬಂದರು. ಸಂಘದ ಸಭೆಯಲ್ಲಿ ಮಾತಾಗಿದೆ ಎಂದರು. ಉಳಿದ ಒಂದು ಕುರಿಯನ್ನು ಗಂಗಲಕ್ಷ್ಮಿಯೇ ಇಟ್ಟುಕೊಳ್ಳಬಹುದು. ಆದರೆ ಮುದ್ದಕ್ಕನಿಗೆ ಎರಡು ಹೆಣ್ಣು ಕೊಡದಿದ್ದರೆ ಈ ಹಟ್ಟಿಯ ಸರದಿ ಇಲ್ಲಿಗೇ ಮುಗಿಯಿತು, ಮುಂದಿನ ಕುರಿಗಳು ಬೇರೆ ಊರಿಗೆ ಹೋಗುತ್ತವೆ. ಎರಡಾಗದಿದ್ದರೆ ಒಂದನ್ನಾದರೂ ಕೊಟ್ಟರೆ ಮುದ್ದಕ್ಕನ ಹೆಸರು ಉಳಿಸಲು ನಾನು ಮಾತಾಡುತ್ತೇನೆ ಎಂದರು. ಭಾನುವಾರದೊಳಗೆ ಹೇಳಬೇಕು.

ಆ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಿದ್ದರು. ಹುರುಳಿ ಸಾರು, ಮುದ್ದೆ. ಕ್ಯಾತಪ್ಪ ಮುದ್ದೆ ಮುರಿಯದೆ ಮಗನ ಕಡೆ ನೋಡಿದ.

"ಶಿವರಾಮ, ಎರಡು ಹೆಣ್ಣು ಮರಿ ಕೊಡು. ಮುದ್ದಕ್ಕಂಗೆ."

"ನಂದೇ ಹನ್ನೊಂದು ಕುರಿ ಕಳ್ಕಂಡು ಕೂತಿದೀನಿ ಅಪ್ಪ."

"ನಾನು ಕೇಳ್ತಿದೀನಿ."

"ಕತ್ತರಿಸುವಾಗ ನನ್ನ ಕೇಳಿದ್ಯಾ?"

ಪುಷ್ಪಾ ಸಾರು ಬಡಿಸುತ್ತಲೇ, ಆ ನಾಲ್ಕು ಬಂದ ಮೇಲೆಯೇ ಮಂದೆಗೆ ರೋಗ ಬಂದದ್ದು ಎಂದಳು. ಪಾಲಮ್ಮ ಅವಳ ಕೈಯಿಂದ ಸೌಟು ಕಿತ್ತುಕೊಂಡಳು. ಮೂರು ಊರಿಗೆ ರೋಗ ಬಂದಿದೆ, ಮೂರು ಊರಿಗೂ ನನ್ನ ಹಿರಿ ಸೊಸೆಯೇ ಹೊತ್ತುಕೊಂಡು ಹೋದಳಾ ಎಂದು ಕೇಳಿದಳು. ನನ್ನ ಹಿರಿ ಸೊಸೆ ಎಂಬ ಮಾತನ್ನು ಗಂಗಲಕ್ಷ್ಮಿ ಆ ಮನೆಯಲ್ಲಿ ಮೊದಲ ಸಲ ಕೇಳಿದ್ದು.

ಕ್ಯಾತಪ್ಪ ಬಿಡಲಿಲ್ಲ. "ಮಂದೆ ನಂದು ಕಣಲೇ. ನಮ್ಮಪ್ಪಂದು. ನನ್ನ ಗುರುತು ಐತೆ ಅದರ ಮ್ಯಾಲೆ."

ಶಿವರಾಮ ಕೂಗಲಿಲ್ಲ. ಅದೇ ಹೆಚ್ಚು ನೋವಾಯಿತು. "ಮಂಡಿ ಹಿಡೀತು, ನೀನು ನೋಡ್ಕ ಅಂತ ಕೋಲು ಕೊಟ್ಟೋನು ನೀನೇ. ಮಳೇಲಿ ಬಿಸ್ಲಾಗೆ ಹಿಂದೆ ತಿರುಗಿದೋನು ನಾನು. ಗುರುತು ನಿಂದೇ ಇರಲಿ ಅಪ್ಪ. ಕುರಿ ನನ್ನವು. ಒಂದು ಕೊಟ್ರೆ ನಾಳೆ ಅಣ್ಣನ ಪಾಲೆಲ್ಲ ಕೊಡಬೇಕಾಗತೈತೆ."

ಅಲ್ಲಿಯವರೆಗೆ ನಾಲ್ಕು ವರ್ಷ ಯಾರೂ ಆಡದೆ ಇಟ್ಟಿದ್ದ ಮಾತು ಅದು. ಹೊರಗೆ ಬಿತ್ತು. ವೀಣಾ ಊಟ ಬಿಟ್ಟು ಅವ್ವನ ಮುಖ ನೋಡಿದಳು. ಕ್ಯಾತಪ್ಪ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಕೈ ತೊಳೆಯದೆ ಹಾಗೆಯೇ ಕೂತ. ಅರವತ್ತು ವರ್ಷ ಕುರಿಗಳ ಹಿಂದೆ ನಡೆದವನಿಗೆ, ಕೊಡಲು ತನ್ನದೊಂದು ಮರಿಯೂ ಇಲ್ಲವೆಂದು ಆಗ ತಿಳಿಯಿತು.

"ನನ್ನ ಕೈನಾಗೆ ಆತು," ಎಂದ ಸೊಸೆಗೆ. "ನಿನ್ನ ಕೂಳು ನನ್ನ ಕೈನಾಗೆ ಹೋತು."

"ಉಣ್ಣಿ ಮಾವ," ಎಂದಳು ಗಂಗಲಕ್ಷ್ಮಿ. ತನ್ನ ತಟ್ಟೆಯ ನೀರುಳ್ಳಿ ಚೂರು ಎತ್ತಿ ಅವನ ತಟ್ಟೆಗಿಟ್ಟಳು. "ಗುರುತು ಹಾಕಿದ್ದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ."

ಅವನು ಉಣ್ಣಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಹದಿಮೂರಕ್ಕೆ ಮೈ ಒರೆಸಿ, ಕೊರಳಿಗೆ ಹಗ್ಗ ಕಟ್ಟಿದಳು. ಪಾಲಮ್ಮ ಬಾಗಿಲಿಗೆ ಅಡ್ಡ ನಿಂತಳು. ಒಂದಾದರೂ ಇರಲಿ, ಒಂದರಿಂದ ಎರಡಾಗುತ್ತದೆ, ಮುದ್ದಕ್ಕನಿಗೆ ನಾನು ಹೇಳುತ್ತೇನೆ ಎಂದಳು. ಇದನ್ನೂ ಕೊಟ್ಟರೆ ಮತ್ತೆ ಪುಷ್ಪಾಳ ಮುಂದೆ ಕೈ ಒಡ್ಡಬೇಕಲ್ಲೇ ಎಂದಳು.

"ನಾನು ಅನ್ನ ಇರೋ ಮನೇಲಿ ಕೈ ಒಡ್ತೀನಿ ಅತ್ತೆ. ಮುದ್ದಕ್ಕ ಯಾರ ಮುಂದೆ ಒಡ್ಡಬೇಕು?"

ವೀಣಾ ಜೊತೆಗೆ ಬರುತ್ತೇನೆಂದಳು. ಗಂಗಲಕ್ಷ್ಮಿ ಬೇಡವೆಂದಳು.

ಮುದ್ದಕ್ಕ ಮನೆ ಮುಂದೆ ಶೇಂಗಾ ಬಿಡಿಸುತ್ತಿದ್ದಳು. ವಿಷಯ ತಿಳಿದು, ತನಗೆ ಬೇಡವೇ ಬೇಡ ಎಂದು ಎರಡೂ ಕೈ ಅಲ್ಲಾಡಿಸಿದಳು. ನಿನ್ನ ಹೆಸರಲ್ಲೇ ಇರಲಿ, ನಾನು ಪಾಲಿಗೆ ಸಾಕಿಕೊಡುತ್ತೇನೆ, ಹುಟ್ಟಿದ್ದರಲ್ಲಿ ಅರ್ಧ ಕೊಡು ಎಂದಳು. ಗಂಗಲಕ್ಷ್ಮಿ ಅನ್ನಪೂರ್ಣಮ್ಮ ಬಿಟ್ಟುಹೋಗಿದ್ದ ಸಂಘದ ಕಾಗದ ತೆಗೆದು, ಕುರಿ ನಿನ್ನ ಹೆಸರಿಗೆ ಬರೆದರೆ ಮಾತ್ರ ನಿನ್ನ ಸರದಿ ಉಳಿಯುತ್ತದೆ, ಮುಂದೆ ಇನ್ನೂ ಕುರಿ ಬರುತ್ತವೆ ಎಂದು ತಿಳಿಸಿದಳು.

"ನಿನ್ನ ಸರದಿ?"

"ನಂದು ಆಗಿ ಹೋತು."

ಮುದ್ದಕ್ಕ ಹೆಬ್ಬೆಟ್ಟು ಒತ್ತಿದಳು. ಒತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು, ಮಸಿ ಹೋದ ಮೇಲೂ. ಟೀ ಕಾಯಿಸುತ್ತೇನೆ ಎಂದರೆ ಗಂಗಲಕ್ಷ್ಮಿ ಕೂರಲಿಲ್ಲ. ಹಗ್ಗವನ್ನು ಅವಳ ಕೈಗೆ ಕೊಟ್ಟು, ರಾತ್ರಿ ಇದಕ್ಕೆ ಚಳಿ, ಒಳಗೆ ಕಟ್ಟು ಎಂದಷ್ಟೇ ಹೇಳಿ ತಿರುಗಿ ನಡೆದಳು.

ಇಪ್ಪತ್ತು ಹೆಜ್ಜೆ ಹೋಗಿರಬೇಕು. ಹಿಂದೆ ಮುದ್ದಕ್ಕ ಕೂಗಿದಳು. ಹದಿಮೂರು ಹಗ್ಗ ಎಳೆದು ಬಿಡಿಸಿಕೊಂಡು ಓಡಿ ಬರುತ್ತಿತ್ತು. ಬಂದು ಎಂದಿನಂತೆ ಸೆರಗಿನ ತುದಿ ಬಾಯಿಗೆ ಹಾಕಿಕೊಂಡಿತು. ಗಂಗಲಕ್ಷ್ಮಿ ಅದನ್ನು ಹಿಡಿದು ಮರಳಿ ಬಿಟ್ಟು ಬಂದಳು. ಅದು ಮತ್ತೆ ಬಂತು. ಮೂರನೇ ಸಲ ಬಂದಾಗ ಅವಳು ಬಗ್ಗಿ ಹೊಲದ ಮಣ್ಣಿನ ಒಂದು ಹೆಂಟೆ ಎತ್ತಿಕೊಂಡಳು.

"ಹೋಗು," ಎಂದಳು.

ಹೋಗಲಿಲ್ಲ. ಅವಳು ಎಸೆದಳು. ಹೆಂಟೆ ಪಕ್ಕದಲ್ಲಿ ಬಿತ್ತು. ಕುರಿ ಅದನ್ನು ಮೂಸಿ ನೋಡಿತು, ತಿನ್ನುವುದೇನೋ ಎಸೆದಳೆಂದು. ಅವಳು ಇನ್ನೊಂದು ಎತ್ತಿ ಗುರಿಯಿಟ್ಟು ಹೊಡೆದಳು. ಅದು ಮುಖಕ್ಕೆ ತಾಗಿ ಪುಡಿಯಾಯಿತು. ಕುರಿ ನಿಂತಿತು. ಕಣ್ಣಿಗೆ ಬಿದ್ದ ಮಣ್ಣು ಕೊಡವಿಕೊಂಡು ಅವಳನ್ನೇ ನೋಡಿತು. ಅಷ್ಟರಲ್ಲಿ ಮುದ್ದಕ್ಕ ಓಡಿ ಬಂದು ಹಗ್ಗ ಹಿಡಿದು, ಅಲ್ಲೇ ಮಣ್ಣಿನಲ್ಲಿ ಕೂತು ಅದರ ಕೊರಳು ತಬ್ಬಿಕೊಂಡಳು.

ಗಂಗಲಕ್ಷ್ಮಿ ಕೈಯ ಮಣ್ಣು ಸೀರೆಗೆ ಒರೆಸಿಕೊಂಡು ಮನೆಯ ದಾರಿ ಹಿಡಿದಳು. ಹಿಂದೆ ಗೊರಸಿನ ಸದ್ದು ಬರಲಿಲ್ಲ. ಬರಬಾರದೆಂದೇ ಹೊಡೆದಿದ್ದಳು. ಆದರೂ ಮನೆ ಮುಟ್ಟುವವರೆಗೆ ಅವಳ ಕಿವಿ ಅತ್ತಲೇ ಇತ್ತು.